ಗಾಜಿನ ಕೆಳಗಿನ ಬಿಸಿಲು

ನನಗೆ ನೆನಪಿರುವ ಎಲ್ಲಕ್ಕಿಂತ ಹಳೆಯದು ಒಂದು ಬಿಸಿಲಿನ ತುಂಡು. ಊಟದ ಮಣೆಯಷ್ಟು ಅಗಲ, ಕತ್ತರಿಯಾಡಿಸಿದಂತೆ ನೆಟ್ಟಗಿನ ಅಂಚು. ಬೆಳಗಿನ ಪೂಜೆ ಮುಗಿದು ಗಂಟೆಯ ಸದ್ದು ನಿಂತ ಮೇಲೆ ಅದು ದೇವರ ಕೋಣೆಯ ಪಕ್ಕದ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಮೆಲ್ಲಗೆ ಗೋಡೆ ಇಳಿದು, ನೆಲಕ್ಕೆ ಬಂದು, ನಡು ಮಧ್ಯಾಹ್ನ ಪಡಸಾಲೆಯ ಮಧ್ಯದಲ್ಲಿ ನಿಂತು, ಇಳಿಹೊತ್ತಿಗೆ ಅಡುಗೆಮನೆಯ ಹೊಸ್ತಿಲು ಹತ್ತಿ ಮಾಯವಾಗುತ್ತಿತ್ತು. ಅದರೊಳಗೆ ನಾನು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿಯ ಮೇಲೆ, ಎರಡೂ ಕಾಲು ಚಾಚಿ, ಲಂಗ ತೊಡೆಯ ತನಕ ಎತ್ತಿಕೊಂಡು ಕೂತ ನಾನು. ಬಿಸಿಲು ಸರಿದಂತೆಲ್ಲ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕೌದಿಯ ತುದಿ ಹಿಡಿದು ನನ್ನನ್ನೂ ಸರಿಸುತ್ತಿದ್ದಳು. ಕಾಳು ಆರಿಸುತ್ತಿದ್ದರೆ ಮೊರ ಕೆಳಗಿಟ್ಟು ಎದ್ದು ಬರುತ್ತಿದ್ದಳು. ಯಾರೋ ಮಾತಾಡಿಸುತ್ತಿದ್ದರೆ ಅರ್ಧ ಮಾತಿನಲ್ಲಿ ಎದ್ದು ಬರುತ್ತಿದ್ದಳು. ಮಂಡಿನೋವಿಗೆ "ಶಿವನ" ಎನ್ನುತ್ತ ಬಾಗಿ, ಕೌದಿಯನ್ನು ಒಂದು ಗೇಣು ಎಳೆದು, ನನ್ನ ಪಾದದ ತುದಿ ನೆರಳಿನಲ್ಲಿ ಉಳಿದಿಲ್ಲವೆಂದು ನೋಡಿಕೊಂಡು ಹಿಂದಿರುಗುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ಯಾರಾದರೂ ನನ್ನನ್ನು ಇನ್ನೊಮ್ಮೆ ನೋಡಿಕೊಂಡಿದ್ದಾರೆಯೇ, ಗೊತ್ತಿಲ್ಲ. ಆ ಶ್ರದ್ಧೆಯಿಂದ ನನ್ನ ಕಾಲಿಗೆ ಸಾಸಿವೆಯಷ್ಟೂ ಪ್ರಯೋಜನವಾಗಲಿಲ್ಲ. ಈ ಅಧ್ಯಾಯ ಆ ಎರಡು ವಾಕ್ಯಗಳ ನಡುವಿನದು.

ಮೊದಲು ಮನೆ. ಗಜೇಂದ್ರಗಡದ ಪೇಟೆಯ ಓಣಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಗಲ ಕಡಿಮೆ, ಉದ್ದ ಜಾಸ್ತಿ. ಎರಡೂ ಬದಿಗೆ ನೆರೆಯವರ ಗೋಡೆ ನಮ್ಮ ಗೋಡೆಗೆ ಅಂಟಿಕೊಂಡಿತ್ತು, ಹಾಗಾಗಿ ಕಿಟಕಿ ಎಂಬುದೇ ಇಲ್ಲ. ಮೇಲೆ ತೊಲೆ, ಹಲಗೆ, ಅದರ ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ ನೆಲ ಸುಡುವಾಗಲೂ ಒಳಗೆ ತಂಪು, ಮಧ್ಯಾಹ್ನವೂ ಸಂಜೆಯಂಥ ಬೆಳಕು. ಇಂಥ ಮನೆಗಳಿಗೆಲ್ಲ ಮಾಳಿಗೆಯಲ್ಲಿ ಒಂದು ತೂತು ಬಿಟ್ಟಿರುತ್ತಾರೆ, ಅದೇ ಬೆಳಕಿಂಡಿ. ಬೇರೆಯವರ ಮನೆಯಲ್ಲಿ ಅದು ಬರೀ ತೂತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಮೇಲಿನಿಂದ ತಗಡು ಮುಚ್ಚಬೇಕು. ನಮ್ಮ ಅಜ್ಜ ಮಾತ್ರ ಬೆಳಗಾವಿಯಿಂದ ದಪ್ಪನೆಯ ಗಾಜು ತರಿಸಿ, ಸುತ್ತ ಸುಣ್ಣ ಗಾರೆ ಹಾಕಿ ಕೂರಿಸಿದ್ದನಂತೆ. ಗಾಜು ಒಡೆಯದಿರಲೆಂದು ಸೀರೆಯ ಗಂಟುಗಳ ನಡುವೆ ಹುದುಗಿಸಿ ಲಾರಿಯಲ್ಲಿ ತಂದ ಕಥೆಯನ್ನು ಆಯಿ ಹೊಸ ನೆಂಟರಿಗೆಲ್ಲ ಹೇಳುತ್ತಿದ್ದಳು. ಓಣಿಯಲ್ಲಿ ನಮ್ಮ ಮನೆಗೆ ಗಾಜಿನ ಮನಿ ಎಂದೇ ಹೆಸರು. ಅಜ್ಜ ನಾನು ಹುಟ್ಟುವ ಮೊದಲೇ ಹೋಗಿದ್ದ. ಆಯಿಗೆ ಆ ಗಾಜು ಬರೀ ಗಾಜಾಗಿರಲಿಲ್ಲ. ದೀಪಾವಳಿಗೆ ಅಪ್ಪ ಮೇಲೆ ಹತ್ತಿ ಅದನ್ನು ತೊಳೆಯುವಾಗ ಅವಳು ಕೆಳಗೆ ನಿಂತು "ಆ ಮೂಲಿ, ಆ ಮೂಲಿ" ಎಂದು ಕೈ ತೋರಿಸುತ್ತಿದ್ದಳು.

ಮನೆಯೊಳಗೆ ಅಪ್ಪ ಕಡಿಮೆ, ಹೆಂಗಸರು ಜಾಸ್ತಿ ಎನ್ನಿಸುತ್ತಿತ್ತು, ಲೆಕ್ಕಕ್ಕೆ ಇದ್ದದ್ದು ಆಯಿ, ಅವ್ವ, ನಾನು ಅಷ್ಟೇ ಆದರೂ. ಗಿರಾಕಿಗಳು ತುಂಬಿದ ಅಂಗಡಿ ದಾಟಿ ಮನೆಯ ಹೆಂಗಸರು ಹೊರಗೆ ಬರಬಾರದೆಂಬುದು ಆಯಿ ತಾನು ಸೊಸೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ರೀತಿ. ಹೊರಗೆ ಹೋಗಬೇಕಾದರೆ ಬೆಳಕು ಹರಿಯುವ ಮುಂಚೆ, ಇಲ್ಲ ದೀಪ ಹಚ್ಚಿದ ಮೇಲೆ. ನನ್ನ ಅವ್ವ ಸೂಡಿಯವಳು, ಎರೆಹೊಲದಲ್ಲಿ ಜೋಳ ಕೊಯ್ದು, ಕಡಲೆ ಕಿತ್ತು ಬೆಳೆದವಳು. ಮದುವೆಯ ಫೋಟೋದಲ್ಲಿ ಅವಳು ಅಪ್ಪನ ಪಕ್ಕ ಎಷ್ಟು ಕಪ್ಪಗಿದ್ದಾಳೆಂದರೆ ಹಲ್ಲು ಮತ್ತು ಮೂಗುತಿ ಮಾತ್ರ ಮಿಂಚುತ್ತವೆ. ನನ್ನ ನೆನಪಿನ ಅವ್ವ ಹಾಗಿಲ್ಲ, ತೆಳು ಬಣ್ಣದವಳು. ಅದನ್ನು ಆಯಿ ತನ್ನ ಮನೆಯ ಗುಣವೆಂದು ಹೇಳಿಕೊಳ್ಳುತ್ತಿದ್ದಳು.

"ನಮ್ಮ ಶಾರವ್ವ ಬಂದಾಗ ಹಂಚಿನ ತಳ ಇದ್ಲರಿ. ಈಗ ನೋಡ್ರಿ, ಹ್ಯಾಂಗ ತಿಳಿಯಾಗ್ಯಾಳ. ನೆಳ್ಳಾಗ ಇದ್ರ ಮನಷ್ಯಾಗ ಕಳಿ ಬರತೈತಿ."

ಅವ್ವ ನಗುತ್ತಿದ್ದಳು. ನಗುತ್ತ ಏಳುವಾಗ ಕಂಬ ಹಿಡಿದುಕೊಳ್ಳುತ್ತಿದ್ದಳು. ಆ ವಯಸ್ಸಿಗೇ ಸೊಂಟ, ತೊಡೆಯ ಎಲುಬು ನೋಯುತ್ತವೆಂದು ಒಲೆಯ ಮುಂದೆ ಕಾಲು ಒತ್ತಿಕೊಳ್ಳುತ್ತ ಕೂರುತ್ತಿದ್ದಳು. ಬಾಣಂತನದಲ್ಲಿ ಸರಿಯಾಗಿ ಶಾಖ ತಗೊಂಡಿಲ್ಲ, ಅದಕ್ಕೇ ಎಂದು ಆಯಿಯ ತೀರ್ಪು.

ಆಯಿ ಬಿಸಿಲಿಗೆ ಹೆದರುತ್ತಿದ್ದಳು. ಬಣ್ಣದ ಮಾತು ಮೇಲುಮೇಲಿನದು, ಒಳಗಿನ ಕಾರಣ ಬೇರೆ. ಅವಳ ತವರು ಚಿಕ್ಕನರಗುಂದ. ಅಪ್ಪನಿಗಿಂತ ದೊಡ್ಡ ಮಗಳೊಬ್ಬಳಿದ್ದಳು, ಕಸ್ತೂರಿ. ಬೇಸಿಗೆಗೆ ತವರಿಗೆ ಹೋದಾಗ ಕಸ್ತೂರಿ ಕಣದಲ್ಲಿ ಇಡೀ ಮಧ್ಯಾಹ್ನ ಹುಡುಗಿಯರ ಜೊತೆ ಆಡಿದ್ದಾಳೆ, ಸಂಜೆಗೆ ಮೈ ಕೆಂಡವಾಗಿದೆ, ಮಾರನೆಯ ದಿನ ಇಲ್ಲ. ಬಿಸಿಲು ಬಡಿಯಿತು ಎಂದರು. ಆಯಿ ಆಮೇಲೆ ತವರಿಗೆ ಹೋದರೆ ಮಳೆಗಾಲದಲ್ಲಿ ಮಾತ್ರ ಹೋದಳು. ನಾನು ಹುಟ್ಟಿದಾಗ ಎತ್ತಿಕೊಂಡವಳೇ, ಮೂಗು ಕಸ್ತೂರಿಯದೇ ಎಂದಳಂತೆ. ಅಲ್ಲಿಗೆ ನನ್ನ ಹಣೆಬರಹ ನಿಶ್ಚಯವಾಯಿತು. ಓಣಿಯ ಮಕ್ಕಳು ಬಾಗಿಲಲ್ಲಿ ನಿಂತು "ರತ್ನೀ, ಬಾರ ಆಡಾಕ" ಎಂದು ಕೂಗಿದರೆ ಒಳಗಿನಿಂದ ಉತ್ತರ ಹೋಗುತ್ತಿದ್ದದ್ದು ನನ್ನದಲ್ಲ.

"ಬಿಸಲ ಇಳಿಲ್ಯೋ! ನೀವು ಬೇಕಾದ್ರ ಒಳಗ ಬರ್ರಿ, ಬೆಲ್ಲ ಕೊಡ್ತೀನಿ."

ಅವರು ಬಂದು ಬೆಲ್ಲ ತಿಂದು ಹೊರಗೆ ಓಡುತ್ತಿದ್ದರು. ನಾನು ಕಂಬ ಸುತ್ತುತ್ತಿದ್ದೆ.

ನನ್ನ ಕಾಲು ಬಾಗಿದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ತಡವಾಗಿ ನಡೆದೆ, ನಡೆದಾಗ ತೂಗಾಡುತ್ತ ನಡೆದೆ. ಮೊದಲು ಅದನ್ನು ಮುದ್ದು ಎಂದರು. ಆಮೇಲೆ ಪಕ್ಕದ ಮನೆಯ ನೀಲಕ್ಕ, ಬಾಯಿ ಬಿಟ್ಟರೆ ಪಟಾಕಿ ಹಚ್ಚುವಂಥವಳು, ಒಂದು ದಿನ ನನ್ನ ಹಿಂದೆ ನಿಂತು ನೋಡಿ ಹೇಳಿದಳು:

"ಆಯೀ, ನಿಮ್ಮ ಮೊಮ್ಮಗಳ ಮೊಳಕಾಲ ನಡುವ ನಮ್ಮ ಬೆಕ್ಕ ದಾಟಿ ಹೊಕ್ಕೈತಿ ನೋಡ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೆಕ್ಕು ದಾಟುವುದು ಒಳ್ಳೆಯದೇ ಇರಬೇಕೆಂದುಕೊಂಡು. ನೀಲಕ್ಕ ಹೋದ ಮೇಲೆ ಆಯಿ ನನ್ನನ್ನು ಪಾದ ಜೋಡಿಸಿ ನಿಲ್ಲಿಸಿ, ಮಂಡಿಗಳ ನಡುವೆ ತನ್ನ ಮುಷ್ಟಿ ತೂರಿಸಿದಳು. ಮುಷ್ಟಿ ಸಲೀಸಾಗಿ ಹೋಯಿತು. ಅವಳ ಮುಖ ನೋಡಿ ನನ್ನ ನಗು ನಿಂತಿತು. ಅಂದಿನಿಂದ ಕಾಲಿಗೆ ಕುಸುಬಿ ಎಣ್ಣೆ ತಿಕ್ಕುವುದು, ಅಜ್ಜನ ಹಳೆಯ ಧೋತರ ಹರಿದು ಎರಡೂ ಕಾಲು ಕೂಡಿಸಿ ಕಟ್ಟಿ ಮಲಗಿಸುವುದು. ಕಟ್ಟಿದ ಕಾಲು ನೋಯುತ್ತಿತ್ತು. ನಾನು ಅತ್ತರೆ ಅವ್ವ ಬಿಚ್ಚುತ್ತಿದ್ದಳು, ಆಯಿ ಮತ್ತೆ ಕಟ್ಟುತ್ತಿದ್ದಳು. ಅದರ ಮೇಲೆ ಅಡುಗೆಮನೆಯಲ್ಲಿ ಜಗಳ. ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾದರೆ ಜಗಳ ಶುರುವಾಗಿದೆ ಎಂದು ನನಗೆ ಪಡಸಾಲೆಯಲ್ಲೇ ತಿಳಿಯುತ್ತಿತ್ತು.

"ಸೂಡಿಗೆ ಒಯ್ದು ಕೂಸಿಗಿ ಲಗೂನ ನಿಂದ್ರಾಕ ಕಲಸಿದಿ. ಎಳೀ ಎಲುಬು, ಭಾರ ತಡೀಲಿಲ್ಲ. ನಿಮ್ಮ ಮಂದೀಗಿ ಎಲ್ಲಾದಕ್ಕೂ ಅವಸರ."

"ನಮ್ಮ ಅಣ್ಣನ ಮಕ್ಕಳೂ ಹಂಗ ನಿಂತಾವರಿ ಅತ್ತ್ಯಾರ. ಅವುಕ್ಕ ಏನಾಗೇತಿ? ಜಿಂಕಿ ಹಂಗ ಓಡ್ತಾವು."

"ಹಂಗಾರ ನನ್ನ ಮನೀ ಅನ್ನದಾಗ ಕಸರ ಐತೇನು?"

ನನಗೆ ಬಿಸಿ ರೊಟ್ಟಿ ಮುರಿದು, ಮೇಲೆ ಬೆಣ್ಣೆ, ಶೇಂಗಾ ಹಿಂಡಿ, ಕೊನೆಗೆ ಗಟ್ಟಿ ಮೊಸರು, ಇಷ್ಟು ಉಣ್ಣಿಸದೆ ಆಯಿ ತಾನು ಉಣ್ಣುತ್ತಿರಲಿಲ್ಲ. ಇಷ್ಟು ಉಂಡ ಕೂಸಿಗೆ ಏನು ಕಡಿಮೆಯಾದೀತು?

ಊರಿನ ಡಾಕ್ಟರು ನೋಡಿದರು. ಅವರು ಒಂದು ಗುಲಾಬಿ ಬಣ್ಣದ ಕ್ಯಾಲ್ಸಿಯಂ ಬಾಟಲಿ ಕೊಟ್ಟು, ಹೊರಡುವಾಗ ಹೇಳಿದರು, ಕೂಸಿಗೆ ದಿನಾ ಬಿಸಿಲು ಕಾಣಿಸ್ರಿ ಎಂದು. ಸರಿಯಾದ ಮಾತೇ. ಆಯಿ ಮನೆಗೆ ಬಂದು ಅವತ್ತು ಉಣ್ಣಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತೇ ಇದ್ದಳು. ಮರುದಿನ ಬೆಳಿಗ್ಗೆ ಆ ಬಿಸಿಲಿನ ತುಂಡು ಗೋಡೆಗೆ ಬಂದಾಗ ಎದ್ದುನಿಂತಳು.

"ಶಾರವ್ವಾ! ಬಿಸಲ ಮನ್ಯಾಗ ಐತೆಲ್ಲ! ಹೊರಗ ಯಾಕ ಹೋಗಬೇಕು? ಕೌದಿ ತಾ."

ಯೋಚಿಸಿ ನೋಡಿ, ಎಂಥ ಉಪಾಯ! ಝಳ ಇಲ್ಲ, ಧೂಳು ಇಲ್ಲ, ಕಣ್ಣೆದುರಿಗೇ ಕೂಸು. ಬಿಸಿಲೂ ಅಜ್ಜನ ಗಾಜಿನಿಂದ ಸೋಸಿಕೊಂಡು ಬಂದದ್ದು. ಅಪ್ಪನಿಗೆ ಒಪ್ಪಿಗೆಯಾಯಿತು. ಅವ್ವನಿಗೂ ಸಮಾಧಾನವೇ ಆಯಿತು, ಕಾಲು ಕಟ್ಟುವುದು ತಪ್ಪಿತಲ್ಲ ಎಂದು. ಹೀಗೆ ಮಳೆಗಾಲ ಮುಗಿದಾಗ ಶುರುವಾದ ಮೆರವಣಿಗೆ, ಗೋಡೆಯಿಂದ ಹೊಸ್ತಿಲ ತನಕ, ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ ನಡೆಯಿತು. ಬಿಸಿಲು ಬೆಚ್ಚಗಿರುತ್ತಿತ್ತು. ನನ್ನ ಕಾಲಿನ ಸಣ್ಣ ಕೂದಲು ಬಂಗಾರದಂತೆ ಹೊಳೆಯುತ್ತಿದ್ದವು. ಧೂಳಿನ ಕಣ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಈಜಾಡುವುದನ್ನು ನೋಡುತ್ತ ನಾನು ಅವುಗಳಿಗೆ ಹೆಸರಿಡುತ್ತಿದ್ದೆ. ಹಬ್ಬಕ್ಕೊಮ್ಮೆ ಆಯಿ ಮುಷ್ಟಿಯ ಪರೀಕ್ಷೆ ಮಾಡುತ್ತಿದ್ದಳು. ಸಂಕ್ರಾಂತಿಗೆ ಎಳ್ಳು ಹಚ್ಚಿ ಎರೆದ ಮೇಲೆ ನಿಲ್ಲಿಸಿ ನೋಡಿದಾಗ ಮುಷ್ಟಿ ಹೋಗಿ, ಪಕ್ಕದಲ್ಲಿ ಎರಡು ಬೆರಳಿಗೆ ಜಾಗ ಉಳಿಯಿತು. ಆಯಿ ಕೈ ಹಿಂದೆ ತೆಗೆದುಕೊಂಡು ತನ್ನ ಮುಷ್ಟಿಯನ್ನೇ ನೋಡಿಕೊಂಡಳು, ಅದೇ ಸಣ್ಣದಾಗಿದೆಯೇನೋ ಎಂಬಂತೆ.

ಶಿವರಾತ್ರಿ ಕಳೆದ ಮೇಲೆ ಅಪ್ಪ ಅಂಗಡಿ ಬಿಡಲಾರದೆ ಆಯಿ, ಅವ್ವ, ನನ್ನನ್ನು ರೋಣದ ಬಸ್ಸು ಹತ್ತಿಸಿದ. ಅಲ್ಲಿ ಮಕ್ಕಳ ಡಾಕ್ಟರು ಒಬ್ಬರಿದ್ದರು, ಹೆಂಗಸು. ದವಾಖಾನೆಯ ಬೆಂಚಿನ ಮೇಲೆ ಬಹಳ ಹೊತ್ತು ಕಾದೆವು. ಒಳಗೆ ಆ ಡಾಕ್ಟರು ನನ್ನ ಕಾಲನ್ನು ಮುಟ್ಟಲೇ ಇಲ್ಲ. ಮೊದಲು ಮಣಿಕಟ್ಟು ಹಿಡಿದು ಒತ್ತಿದರು, ಅಲ್ಲಿ ಎಲುಬು ಬಳೆಯಂತೆ ಉಬ್ಬಿತ್ತು. ಆಮೇಲೆ ಅಂಗಿ ಎತ್ತಿ ಪಕ್ಕೆಲುಬಿನ ತುದಿಗಳ ಮೇಲೆ ಬೆರಳಾಡಿಸಿದರು, ಜಪಮಣಿ ಎಣಿಸುವ ಹಾಗೆ. ನನಗೆ ಕಚಗುಳಿಯಾಗಿ ನಕ್ಕೆ. ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ರಿಕೆಟ್ಸ್ ಅಂತ್ರಿ ಅಮ್ಮಾರ. ಎಲುಬು ಹಸಿ ಉಳದಾವು, ಗಟ್ಟಿಯಾಗಿಲ್ಲ. ವಿಟಮಿನ್ ಡಿ ಕೊರತಿ. ಬಿಸಲಿನಿಂದ ಬರೂದದು."

ಕೊರತೆ ಎಂಬ ಶಬ್ದಕ್ಕೆ ಆಯಿ ಸೆಟೆದು ಕೂತಳು.

"ಏನಂತೀರಿ ಬಾಯಾರ? ಕೊರತಿ ಅನ್ನೂದು ನಮ್ಮ ಮನ್ಯಾಗ ಯಾರೂ ಕಂಡಿಲ್ಲ. ಮತ್ತ ಬಿಸಲು? ನಮ್ಮ ಗಜೇಂದ್ರಗಡದಾಗ ಬಿಸಲಿಗೇನ ಬರಾ ಬಿದ್ದೈತೇನ್ರಿ?"

"ಊರಾಗ ಬಿದ್ದಿಲ್ಲರಿ. ಕೂಸು ದಿನಾ ಎಲ್ಲಿರತೈತಿ ಹೇಳ್ರಿ."

ಆಯಿ ಕಾಯುತ್ತಿದ್ದ ಪ್ರಶ್ನೆ ಅದೇ. ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. ಪೂಜೆಯಾದ ಮೇಲೆ ಗೋಡೆಯ ಹತ್ತಿರ, ಆಮೇಲೆ ಪಡಸಾಲೆಯ ನಡುವೆ, ಆಮೇಲೆ ಹೊಸ್ತಿಲು. ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದ ದಿನವೂ ಕೂರಿಸಿದ್ದಾಳೆ. ಕೌದಿಯನ್ನು ಹೇಗೆ ಎಳೆಯುತ್ತಾಳೆಂದು ಕೈಯಲ್ಲಿ ಮಾಡಿ ತೋರಿಸಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಆ ಬೆಳಕಿಂಡಿಗಿ ಮುಚ್ಚಿಗಿ ಏನೈತ್ರಿ?"

"ಗಾಜು. ಬೆಳಗಾವಿಯಿಂದ ತರಿಸಿದ್ದು. ನಮ್ಮ ಯಜಮಾನ್ರು ಸೀರಿ ಗಂಟನ್ಯಾಗ ಇಟ್ಟು…"

ಆಯಿ ಆ ಕಥೆಯನ್ನು ಮುಗಿಸಿದಳು. ಡಾಕ್ಟರು ಅದನ್ನು ತಡೆಯಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ. ಮುಗಿದ ಮೇಲೆ ಮೆತ್ತಗೆ ಹೇಳಿದರು.

"ಅಮ್ಮಾರ, ಗಾಜಿನಾಗಿಂದ ಬೆಳಕು ಇಳೀತೈತಿ, ಬಿಸಿನೂ ಇಳೀತೈತಿ. ಎಲುಬಿಗಿ ಬೇಕಾದ್ದೊಂದು ಇರತೈತಲ್ಲ, ಅದು ಮ್ಯಾಲ ನಿಂತುಬಿಡತೈತಿ. ಕೂಸು ಬಿಸಲಾಗ ಕುಂತೈತಿ, ಖರೇ. ಆದ್ರ ಅದಕ್ಕ ಬಿಸಲು ಮುಟ್ಟಿಲ್ಲ."

ನಾನು ಡಾಕ್ಟರಲ್ಲ. ಅಪ್ಪನ ಅಂಗಡಿಯ ಗಲ್ಲೆಯ ಹಿಂದೆ ಕೂತು, ಗಿರಾಕಿ ಇಲ್ಲದ ಹೊತ್ತು ಫೋನಿನಲ್ಲಿ, ಹಳೆಯ ಪಠ್ಯಪುಸ್ತಕಗಳಲ್ಲಿ ಕೆದಕಿ ಓದಿಕೊಂಡವಳು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಮೈಗೆ ಬಿಸಿಯೂ ಎನ್ನಿಸದ ಒಂದು ಕಿರಣವಿದೆ. ಅದು ಚರ್ಮಕ್ಕೆ ತಾಗಿದರೆ ಅಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಅದಿಲ್ಲದಿದ್ದರೆ ಹೊಟ್ಟೆಗೆ ಹೋದ ಹಾಲು, ಮೊಸರು, ಆ ಗುಲಾಬಿ ಬಾಟಲಿ ಎಲ್ಲದರ ಸುಣ್ಣ ಎಲುಬಿಗೆ ಸರಿಯಾಗಿ ಸೇರುವುದಿಲ್ಲ. ಆ ಕಿರಣ ಗಾಜು ದಾಟುವುದಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನಾನು ಅಳತೆಪಟ್ಟಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ, ಗಿರಾಕಿ "ಏ ತಂಗೀ, ಬಟ್ಟಿ ಹರೀತಿಯೋ ಇಲ್ಲೋ" ಎಂದಾಗ ಎಚ್ಚರವಾಯಿತು. ಕಣ್ಣಿಗೆ ಕಂಡದ್ದೆಲ್ಲ ಬಂದು ಮುಟ್ಟಿದಂತಲ್ಲ, ಇದನ್ನು ಬಾಲ್ಯದಲ್ಲಿ ಕಾಲಿನಿಂದ ಕಲಿತವಳಿಗೆ ಯಾವುದನ್ನೂ ಒಂದೇ ಸಲಕ್ಕೆ ನಂಬುವುದು ಕಷ್ಟ. ಯಾಕೆ, ಹೇಗೆ ಎಂದು ಕೇಳಿ ಕೇಳಿ ಜನರ ತಲೆ ತಿನ್ನುವ ನನ್ನ ಚಟ ಅಲ್ಲಿಂದಲೇ ಬಂದದ್ದು.

ದವಾಖಾನೆಯಲ್ಲಿ ಡಾಕ್ಟರು ಮುಂದುವರಿಸಿದರು. ಹಾಲಿನಲ್ಲಿ ಕಲಸಿ ಕೊಡಲು ವಾರಕ್ಕೊಂದು ಪುಡಿ. ದಿನಾ ಹೊತ್ತೇರಿದ ಮೇಲಿನ ಬಿಸಿಲು, ಸ್ವಲ್ಪ ಹೊತ್ತು ಸಾಕು, ತಲೆಗೆ ಬಟ್ಟೆ ಇರಲಿ, ಕೈಕಾಲು ಬಯಲಾಗಿರಲಿ.

"ಈಗ ಎಲುಬು ಬೆಳಿಯೂ ಹೊತ್ತು, ತಾನ ತಿದ್ದಿಕೋತಾವು. ಹಿಂಗ ಬಿಟ್ರ, ಬಲಿತ ಮ್ಯಾಲ ಹುಬ್ಬಳ್ಯಾಗ ಎಲುಬು ಕೊಯ್ದು ನೆಟ್ಟಗ ಮಾಡಬೇಕಾಕ್ಕೈತಿ."

ಅವ್ವ ನನ್ನನ್ನು ಎತ್ತಿಕೊಳ್ಳಲು ಎದ್ದಳು. ಎರಡೂ ಅಂಗೈ ತನ್ನ ತೊಡೆಗೆ ಊರಿ, ಮೈಯನ್ನು ಮೇಲಕ್ಕೆ ನೂಕಿಕೊಂಡು. ಡಾಕ್ಟರು ಅದನ್ನು ನೋಡಿದರು.

"ನಿಮ್ಮ ರಕ್ತಾನೂ ಒಂದಿಷ್ಟು ತಗಸ್ರಿ. ಕೂಸಿಗಿ ಈ ವಿಟಮಿನ್ನಿನ ಮೊದಲ ಗಂಟು ತಾಯಿಯಿಂದ ಬರತೈತಿ. ನಿಮ್ಮ ಹತ್ರಾನ ಇರಲಿಕ್ಕಿಲ್ಲ."

"ಆಕಿ ಸೂಡ್ಯಾಕಿ ಬಾಯಾರ," ಎಂದಳು ಆಯಿ, ಸೋತ ದನಿಯಲ್ಲಿ. "ಹೊಲದಾಗ ಬೆಳದಾಕಿ."

"ಈಗ ಎಲ್ಲಿ ಅದಾಳ್ರಿ?"

ಆಯಿ ಅವ್ವನ ಕಡೆ ತಿರುಗಿ ನೋಡಿದಳು. ತಿಳಿಯಾದ ಆ ಬಣ್ಣವನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು.

ಹಿಂದಿರುಗುವ ಬಸ್ಸಿನಲ್ಲಿ ನಾನು ಆಯಿಯ ತೊಡೆಯ ಮೇಲಿದ್ದೆ. ನಮ್ಮ ಬದಿಗೆ ಬಿಸಿಲು. ಕಿಟಕಿಯ ಗಾಜು ಮುಚ್ಚಿತ್ತು, ಅದರೊಳಗಿಂದ ಬಂದ ಬಿಸಿಲು ನನ್ನ ಮಡಿಲಲ್ಲಿ ಬಿದ್ದಿತ್ತು. ಆಯಿ ಅದನ್ನು ನೋಡುತ್ತ ನೋಡುತ್ತ, ಇದ್ದಕ್ಕಿದ್ದಂತೆ ಗಾಜನ್ನು ಸರಿಸಲು ಹೋದಳು. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಅವ್ವ ಕೈ ಜೋಡಿಸಿದಳು. ಗಾಜು ಕಿರ್ರೆಂದು ಸರಿಯಿತು, ಬಿಸಿಗಾಳಿ ಒಳಗೆ ನುಗ್ಗಿತು, ಆಯಿ ನನ್ನ ಒಂದು ಕಾಲನ್ನು ಹಿಡಿದು ಕಿಟಕಿಯಿಂದ ಹೊರಗೆ ಚಾಚಿದಳು.

"ಏ ಅಜ್ಜೀ!" ಕಂಡಕ್ಟರ್ ಕೂಗಿದ. "ಕೂಸಿನ ಕಾಲು ಒಳಗ ತಗೋರಿ! ಎದುರಿಗಿ ಲಾರಿ ಬಂತಂದ್ರ ಏನ್ಮಾಡ್ತೀರಿ?"

ಆಯಿ ಕಾಲು ಒಳಗೆ ಎಳೆದುಕೊಂಡಳು. ಆದರೆ ಆ ಪಾದವನ್ನು ಗಜೇಂದ್ರಗಡ ಬರುವವರೆಗೂ ಕಿಟಕಿಯ ಅಂಚಿನ ಮೇಲೆ, ಬಿಸಿಲಿನಲ್ಲಿ ಹಿಡಿದುಕೊಂಡೇ ಇದ್ದಳು.

ಮನೆಗೆ ಬಂದವಳು ಕಾಲು ತೊಳೆಯುವ ಮೊದಲೇ ಅಪ್ಪನನ್ನು ಅಂಗಡಿಯಿಂದ ಕರೆದಳು.

"ಈರಪ್ಪಾ, ಆ ಗಾಜು ತಗಿ."

"ಯವ್ವಾ, ಏನ ಮಾತಾಡ್ತಿ? ಅಪ್ಪ ಹಾಕಿಸಿದ್ದು. ಮಳಿ ಬಂದ್ರ? ಪಾರಿವಾಳ ಹೊಕ್ಕಂದ್ರ?"

"ಪಾರಿವಾಳ ಹೊಕ್ರ ನಾ ಹೊಡಕೋತೀನಿ. ತಗಿ ಅಂದೆ."

ಗಾರೆ ಒಡೆದು ಗಾಜು ಬಿಡಿಸುವಾಗ ಆಯಿ ಕೆಳಗೆ ನಿಂತಿರಲಿಲ್ಲ. ದೇವರ ಕೋಣೆಯಲ್ಲಿ ಕೂತಿದ್ದಳು. ಅಪ್ಪ ಅದನ್ನು ಒಡೆಯದಂತೆ ಇಳಿಸಿ, ಸೀರೆಯೊಂದರಲ್ಲಿ ಸುತ್ತಿ ಮೂಲೆಗೆ ಒರಗಿಸಿದ. ಮರುದಿನ ಪಡಸಾಲೆಗೆ ಬಿದ್ದ ಬಿಸಿಲು ಬೇರೆಯೇ ಆಗಿತ್ತು, ಅಥವಾ ನನಗೆ ಹಾಗೆನಿಸಿತು. ಅಂಚು ಚೂಪಾಗಿತ್ತು, ಗುಬ್ಬಿಯ ಸದ್ದು ಅದರ ಜೊತೆಗೇ ಬೀಳುತ್ತಿತ್ತು. ಆಯಿ ಕೌದಿ ಹಾಸಿದಳು. ಈಗ ಸರಿಯಾಯಿತು ಎಂದುಕೊಂಡಿದ್ದಳು. ಆಗ ಅವ್ವ, ಅಡುಗೆಮನೆಯ ಬಾಗಿಲಲ್ಲಿ ನಿಂತವಳು, ಬಾಯಿ ತೆಗೆದಳು. ರೊಟ್ಟಿ ಬಡಿಯುವ ಸದ್ದಿರಲಿಲ್ಲ, ಅದಕ್ಕೇ ಇದು ಜಗಳವೆಂದು ನನಗೆ ಮೊದಲು ತಿಳಿಯಲಿಲ್ಲ.

"ಅತ್ತ್ಯಾರ, ಇದು ಊಟದ ಮಣಿಯಷ್ಟು ಬಿಸಲು. ಮ್ಯಾಲ ಮಾಳಿಗಿ ತುಂಬ ಐತಿ. ನಾ ರತ್ನೀನ ಮ್ಯಾಲ ಕರಕೊಂಡ ಹೊಕ್ಕೀನಿ."

"ಬ್ಯಾಡ."

"ಡಾಕ್ಟರು ಹೇಳ್ಯಾರ."

"ಡಾಕ್ಟರಿಗಿ ಕಸ್ತೂರಿ ಗೊತ್ತಿಲ್ಲ."

ಆ ಹೆಸರನ್ನು ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಅಂದವರಿರಲಿಲ್ಲ. ಅವ್ವ ಹತ್ತಿರ ಬಂದು ಆಯಿಯ ಎದುರು ನೆಲದ ಮೇಲೆ ಕೂತಳು. ಕೂರುವಾಗ ಅವಳಿಗೂ ನೋವಾಯಿತು.

"ನನಗೂ ಗೊತ್ತಿಲ್ಲರಿ. ಆದ್ರ ಆಕಿಗಿ ಇಡೀ ಮಧ್ಯಾಹ್ನ ನೀರಿಗೂ ಯಾರೂ ಕರೀಲಿಲ್ಲಂತ. ನಾ ಒಂದ ಘಳಿಗಿ ಕುಂದರಸಿ ಇಳಸ್ತೀನಿ. ನಾ ಅಲ್ಲೇ ಇರ್ತೀನಿ. ನೀವೂ ಬರ್ರಿ."

"ನನ್ನ ಮೊಳಕಾಲು ಏಣಿ ಹತ್ತೂದಿಲ್ಲ."

"ಹಂಗಾರ ಕೆಳಗಿಂದ ಕರೀರಿ. ಕಿಂಡಿ ತೆರದೈತಿ. ನೀವು ಕರದಾಗೊಮ್ಮೆ ಓ ಅಂತೈತಿ ನಿಮ್ಮ ಕೂಸು."

ಆಯಿ ತನ್ನ ಹೆಗಲ ಮೇಲಿದ್ದ ಒರೆಸುವ ಬಟ್ಟೆ ತೆಗೆದು, ನೀರಲ್ಲಿ ಅದ್ದಿ ಹಿಂಡಿ, ನನ್ನ ತಲೆಗೆ ಸುತ್ತಿದಳು. ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅದೇ ಅವಳ ಒಪ್ಪಿಗೆ.

ಮುಂದಿನದನ್ನು ಲಗುಬಗೆಯಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ನಿಲ್ಲಬೇಕಾದ ಜಾಗ ಆ ಮೊದಲ ದಿನವೇ. ನನ್ನ ಕಾಲು ನೆಟ್ಟಗಾಯಿತು, ನಿಧಾನಕ್ಕೆ. ಹುಬ್ಬಳ್ಳಿಗೆ ಹೋಗುವ ಪ್ರಸಂಗ ಬರಲಿಲ್ಲ. ಎಡ ಮಂಡಿಯಲ್ಲಿ ಇನ್ನೂ ಸ್ವಲ್ಪ ಬಾಗು ಇದೆ, ಚೂಡಿದಾರ ಹಾಕಿದರೆ ದರ್ಜಿಗೆ ಮಾತ್ರ ಗೊತ್ತಾಗುತ್ತದೆ. ಗುಣ ಮಾಡಿದ್ದು ಮಾಳಿಗೆಯ ಬಿಸಿಲೋ ರೋಣದ ಪುಡಿಯೋ ಎಂದು ಕೇಳಿದರೆ, ಓದಿಕೊಂಡ ಮಟ್ಟಿಗೆ ಪುಡಿಯ ಪಾಲೇ ದೊಡ್ಡದಿರಬೇಕು ಎನ್ನುತ್ತೇನೆ. ಸುಳ್ಳು ಹೇಳಿ ಕಥೆ ಚಂದ ಮಾಡುವುದು ನನಗೆ ಬೇಕಿಲ್ಲ. ಅವ್ವನ ರಕ್ತದಲ್ಲೂ ಕೊರತೆಯೇ ಇತ್ತು, ಅವಳಿಗೂ ಪುಡಿ ಬಂತು. ಹಾಲಿನ ಎರಡು ಲೋಟ ಪಕ್ಕಪಕ್ಕ ಇಟ್ಟು ಆಯಿಯೇ ಕಲಸುತ್ತಿದ್ದಳು, ಮೊದಲು ಅವ್ವನದು. ನನ್ನನ್ನು ಸೂಡಿಯಲ್ಲಿ ಬೇಗ ನಿಲ್ಲಿಸಿದರೆಂಬ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ. ಅವ್ವ ಮತ್ತೆ ಕಪ್ಪಗಾದಳು, ಕಂಬ ಹಿಡಿಯದೆ ಏಳತೊಡಗಿದಳು. ಆಯಿಯ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ವಯಸ್ಸಾದವರ ಮಂಡಿನೋವಿಗೆ ಯಾರು ಕಾರಣ ಹುಡುಕುತ್ತಾರೆ? ಸೊಸೆಯಾಗಿ ಬಂದಂದಿನಿಂದ ಅವಳೂ ಅದೇ ಗಾಜಿನ ಕೆಳಗೆ ಇದ್ದಳು ಎಂಬುದು ನನಗೆ ಹೊಳೆಯುವ ಹೊತ್ತಿಗೆ ಕೇಳಲು ಅವಳಿರಲಿಲ್ಲ. ಆ ಗಾಜು ಮತ್ತೆ ಮೇಲೇರಲಿಲ್ಲ. ಮಳೆ ಬಂದರೆ ನಾವೂ ಎಲ್ಲರಂತೆ ಓಡಿಹೋಗಿ ತಗಡು ಮುಚ್ಚಿದೆವು.

ಮೊದಲ ದಿನ. ಅವ್ವ ನನ್ನನ್ನು ಬೆನ್ನಿಗೆ ಹಾಕಿಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಏಣಿ ಹತ್ತಿದಳು. ಮೇಲೆ ಅಷ್ಟು ಆಕಾಶವನ್ನು ನಾನು ಒಂದೇ ಸಲ ಕಂಡಿರಲಿಲ್ಲ. ಕಣ್ಣು ಕುಕ್ಕಿ ನೀರು ಬಂತು. ಪಕ್ಕದ ಮಾಳಿಗೆಯಲ್ಲಿ ನೀಲಕ್ಕ ಮೆಣಸಿನಕಾಯಿ ಹರವುತ್ತಿದ್ದವಳು ಕೈ ಎತ್ತಿ ಕೂಗಿದಳು: "ಅಯ್ಯ ಶಾರವ್ವಾ, ಕೂಸಿನೂ ಒಣಾ ಹಾಕಿಯೇನ?" ಅವ್ವ ನಕ್ಕಳು. ಮಣ್ಣು ಪಾದಕ್ಕೆ ಬಿಸಿ ತಾಗಿತು. ಆಗ ನೆಲದೊಳಗಿನಿಂದ ಬಂದಂತೆ ದನಿ ಬಂತು.

"ರತ್ನೀ…"

"ಓ ಆಯೀ!"

ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ. ನಾನು ಓ ಅನ್ನುವುದು ಒಮ್ಮೆ ತಡವಾದರೆ ದನಿ ಬಿರುಕು ಬಿಡುತ್ತಿತ್ತು. ಆಮೇಲೆ ಹಗ್ಗ ಬಿಡಲು ಹೇಳಿದಳು. ಅವ್ವ ಕಿಂಡಿಯಿಂದ ಹಗ್ಗ ಇಳಿಸಿದಳು, ಕೆಳಗೆ ಆಯಿ ಮಜ್ಜಿಗೆಯ ಚರಿಗೆ ಕಟ್ಟಿದಳು. ಅದು ತಿರುಗುತ್ತ, ಬಿಸಿಲಿಗೆ ಮಿಂಚುತ್ತ ಮೇಲೆ ಬರುವುದನ್ನು ನೋಡಲು ನಾನು ಕಿಂಡಿಯ ಅಂಚಿಗೆ ಬಾಗಿದೆ. ಅವ್ವ ಹಿಂದಿನಿಂದ ನನ್ನ ಲಂಗ ಗಟ್ಟಿಯಾಗಿ ಹಿಡಿದಿದ್ದಳು.

ಕೆಳಗೆ, ಪಡಸಾಲೆಯ ನಡುವಿನ ಆ ಬಿಸಿಲಿನ ತುಂಡಿನಲ್ಲಿ, ನಾನು ಕೂರುತ್ತಿದ್ದ ಅದೇ ಜಾಗದಲ್ಲಿ, ಆಯಿ ಮುಖ ಮೇಲೆತ್ತಿ ನಿಂತಿದ್ದಳು. ಸೆರಗು ಜಾರಿತ್ತು. ಇಡೀ ಬಿಸಿಲು ಅವಳ ಮುಖದ ಮೇಲೆ, ಕೊರಳ ಮೇಲೆ, ಎತ್ತಿದ ಕೈಗಳ ಮೇಲೆ. ಕಣ್ಣು ಕಿರಿದು ಮಾಡಿಕೊಂಡು ಅವಳು ನನ್ನನ್ನು ಹುಡುಕುತ್ತಿದ್ದಳು. ಅಷ್ಟು ಬೆಳಕಿನಲ್ಲಿ ನಾನು ಅವಳ ಮುಖವನ್ನು ನೋಡಿದ್ದು ಅದೇ ಮೊದಲು.

"ಅತ್ತ್ಯಾರ, ಬಿಸಲಾಗ ನಿಂತೀರಿ," ಎಂದಳು ಅವ್ವ. "ಒಂದೀಟು ಸರೀರಿ."

"ಸರದ್ರ ಕೂಸು ಕಾಣೂದಿಲ್ಲ," ಎಂದಳು ಆಯಿ. ಸರಿಯಲಿಲ್ಲ.